ಹೊಗೆ ಕುಡಿದ ಮರ

ಕರೆಕೆಜಿ ತನ್ನ ಅಪ್ಪನ ಮುಖಕ್ಕೆ ಗುದ್ದಿದ ಮಧ್ಯಾಹ್ನ ಒಲೆಯ ಮೇಲೆ ಬೀನ್ಸ್ ಕಾಳು ಬೇಯುತ್ತಿತ್ತು. ವೆನೆರಾಂಡ ಸೌಟು ಹಿಡಿದು ಒಲೆಯ ಮುಂದೆ ಕೂತಿದ್ದಳು. ಬೆನ್ನ ಹಿಂದೆ ಗಂಡನ ದನಿ, ಮಗನ ದನಿ ಏರುತ್ತಿದ್ದವು. ಆ ಮನೆಯಲ್ಲಿ ದನಿ ಏರುವುದು ಹೊಸದಲ್ಲವಾದ್ದರಿಂದ ಅವಳು ತಿರುಗಿ ನೋಡಿರಲಿಲ್ಲ.

"ಆ ಮರ ನಾನು ಹೊತ್ಕೊಂಡ್ ಬಂದಿದ್ದು," ಎಂದ ಮಗ. "ಮಸಿಸಿ ಕಾಡಿಂದ ಎರಡು ದಿನ, ಈ ಹೆಗಲ ಮೇಲೆ. ಅದ್ರಲ್ಲಿ ಚುಕುಡು ಗಾಡಿ ಮಾಡಿ ಗೋಮಾದ ಇದ್ದಿಲು ಸಾಹುಕಾರನಿಗೆ ಕೊಟ್ಬಿಟ್ಯಲ್ಲ ಅಪ್ಪ!"

"ಹೊತ್ತೋನು ನೀನು. ಕೆತ್ತಿದ್ದು ಯಾರು?" ಎಂದ ಸೆಬುಹೋರೊ.

"ನಂಗೇ ಅಂತ ನೀನೇ ಹೇಳಿದ್ದೆ."

"ಮೊದಲು ಕೊಟ್ಟಿದ್ದನ್ನ ಏನ್ ಮಾಡ್ದೆ? ಕಿಬಾಟಿ ತಿರುವಲ್ಲಿ ಹಳ್ಳಕ್ಕೆ ಹಾಕ್ದೆ. ಬ್ರೇಕಿನ ಮೇಲೆ ಕಾಲಿಡೋಕೆ ನಾಚಿಕೆ ಪಡೋನಿಗೆ ಚುಕುಡು ಯಾಕೆ? ಮೇಕೆ ಮೇಯ್ಸ್ಕೊಂಡಿರು. ಮೇಕೆಗೆ ಬ್ರೇಕ್ ಬೇಕಾಗಲ್ಲ."

ಮೂಲೆಯಲ್ಲಿ ಬಟಾಟೆ ಸುಲಿಯುತ್ತಿದ್ದ ಅಜ್ಜಿ, ಅಂದರೆ ಸೆಬುಹೋರೊನ ತಾಯಿ, ಕಿಸಕ್ಕನೆ ನಕ್ಕಳು. ಆ ನಗೆಯೇ ಆಗಬಾರದಿತ್ತು. ಮಗ ಏನೋ ಅಂದ, ಅಪ್ಪ ಕೆನ್ನೆಗೆ ಬಿಗಿದ, ಆಮೇಲೆ ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂಥ ಒಂದು ಸದ್ದು. ವೆನೆರಾಂಡ ತಿರುಗುವಷ್ಟರಲ್ಲಿ ಸೆಬುಹೋರೊ ಅಂಗಾತ ಒಲೆಯ ಮೇಲೆಯೇ ಬಂದು ಬಿದ್ದಿದ್ದ. ಮಡಕೆ ಉರುಳಿತು. ಕುದಿವ ನೀರು ಅವನ ಎಡತೋಳಿನ ಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗೂ ಹರಿಯಿತು. ಅವನು ಪಕ್ಕಕ್ಕೆ ಹೊರಳಿದ. ಬಾಯಿಂದ ರಕ್ತ ಉಗುಳಿದ. ರಕ್ತದ ಜೊತೆ ಒಂದು ಹಲ್ಲು ಬಂತು.

ಕರೆಕೆಜಿ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದ. "ಇನ್ನೊಂದ್ಸಲ ನನ್ ತಂಟೆಗೆ ಬಾ, ಮಚ್ಚು ತಗೋತೀನಿ. ಪರಲೋಕದಲ್ಲಿರೋ ದೇವರಾಣೆ, ಮಚ್ಚು ತಗೋತೀನಿ."

ಅವನು ಹೋದ ಮೇಲೆ ಅಜ್ಜಿ ಎದ್ದು ಬಂದು ಬೂದಿಯಲ್ಲಿ ಕೈಯಾಡಿಸಿ ಹಲ್ಲನ್ನು ಹುಡುಕಿ ಸೆರಗಿಗೆ ಗಂಟು ಹಾಕಿಕೊಂಡಳು. "ಆಣೆ ಇಟ್ಟ," ಎಂದಳು. "ಇವನ ತಾತನೂ ಹಿಂಗೇ ಇದ್ದ. ಆಣೆ ಇಟ್ರೆ ತಪ್ತಿರಲಿಲ್ಲ ಮುಂಡೇಗಂಡ."

ವೆನೆರಾಂಡ ನೆಲದ ಮೇಲೆ ಚೆಲ್ಲಿದ ಕಾಳನ್ನು ಆರಿಸತೊಡಗಿದಳು. ರಾತ್ರಿಗೆ ಅದೇ ಊಟವಾಗಬೇಕಿತ್ತು.

*

ಚುಕುಡುವಿಗೆ ಪೆಡಲಿಲ್ಲ, ಚೈನಿಲ್ಲ, ಸೀಟಿಲ್ಲ. ಎರಡು ಮರದ ಗಾಲಿ, ನಡುವೆ ಆಳುದ್ದದ ಹಲಗೆ, ಮುಂದೆ ಕೋಣನ ಕೊಂಬಿನಂಥ ಹಿಡಿ. ಗಾಲಿಗೆ ಹಳೇ ಟಯರಿನ ಪಟ್ಟಿ. ಹಿಂದಿನ ಗಾಲಿಯ ಮೇಲೆ ತೂಗುವ ಇನ್ನೊಂದು ರಬ್ಬರಿನ ತುಂಡೇ ಬ್ರೇಕು, ಅಂಗಾಲಿನಿಂದ ಒತ್ತಬೇಕು. ಸವಾರ ಒಂದು ಮೊಣಕಾಲನ್ನು ಹಲಗೆಯ ಮೇಲೂರಿ, ಇನ್ನೊಂದು ಕಾಲನ್ನು ಗಾಳಿಯಲ್ಲಿಟ್ಟುಕೊಂಡು, ಎಂಟು ಚೀಲ ಕೋಸು ಹೇರಿಕೊಂಡು ತಮ್ಮೂರು ಕಿಬುಂಬದ ಏರಿನಿಂದ ಗೋಮಾ ಪಟ್ಟಣದ ಕೆರೆದಂಡೆಯವರೆಗೆ ಇಳಿಯುತ್ತಾನೆ. ಲಾರಿಗಳೇ ಪಕ್ಕಕ್ಕೆ ಸರಿಯುತ್ತವೆ. ಇಳಿಯುವುದಕ್ಕೆ ಒಂದು ಗಂಟೆ. ಮತ್ತೆ ಹತ್ತುವುದಕ್ಕೆ ಒಂದು ಹಗಲು. ಆ ಹಗಲೆಲ್ಲ ಗಾಲಿ ಸವಾರನ ಮೇಲೆ ಸವಾರಿ ಮಾಡುತ್ತದೆ. ಇಳಿಜಾರು ದೇವರದು, ಏರು ನಮ್ಮದು ಎಂದು ಊರಿನವರು ಹೇಳುವುದು ಅದಕ್ಕೇ.

ವೆನೆರಾಂಡಳಿಗೆ ಆ ಹುಚ್ಚು ಗೊತ್ತಿಲ್ಲದ್ದೇನಲ್ಲ. ಮದುವೆಯಾದ ಹೊಸದರಲ್ಲಿ ಸೆಬುಹೋರೊ ಅವಳನ್ನು ಕೋಸಿನ ಚೀಲಗಳ ಮೇಲೆ ಕೂರಿಸಿ ಒಮ್ಮೆ ಇಳಿದಿದ್ದ. ಕಿವಿಯಲ್ಲಿ ಗಾಳಿ ಕೊಳಲೂದಿತ್ತು. ಅವಳು ಯೇಸುವಿನ ಹೆಸರು ಕೂಗುತ್ತ, ನಡುವೆ ನಗುತ್ತ, ಅವನ ಅಂಗಿಯನ್ನು ಹರಿಯುವಂತೆ ಹಿಡಿದಿದ್ದಳು. ಅವತ್ತು ಹಲಗೆಯ ಮೇಲೂರಿದ್ದ ಅವನ ಮೊಣಕಾಲು ಈಗ ಕಲ್ಲಾಗಿ ಮಡಚುತ್ತಿರಲಿಲ್ಲ. ಇಳಿಯಲಾರದವನು ಕೆತ್ತುತ್ತ ಕೂತ. ಮಗ ಇಳಿಯುವುದನ್ನು ನೋಡುತ್ತ ಕೂತ.

ಆದರೆ ಚುಕುಡು ಇಲ್ಲದೆ ಮಗನಿಗೆ ಬದುಕಿರಲಿಲ್ಲ. ಕಿಬಾಟಿಯಲ್ಲಿ ಅವನು ನೋಡಿಕೊಂಡಿದ್ದ ಹುಡುಗಿಯ ಅಣ್ಣಂದಿರು ಒಂದೇ ಮಾತು ಆಡಿದ್ದರು: "ಸ್ವಂತ ಚುಕುಡುವಿನ ಮೇಲೆ, ಸ್ವಂತ ಹೊರೆ ಹೇರ್ಕೊಂಡು ನಮ್ಮ ಮನೆ ಮುಂದೆ ಇಳೀಲಿ. ಆಮೇಲೆ ಮಾತು."

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಿರಿಯ ಗಬ್ರಿಯೇಲಿ ಅಪ್ಪ ಮಗನನ್ನು ರಾಜಿ ಮಾಡಿಸಲು ಮನೆಗೆ ಬಂದ. ಕರೆಕೆಜಿ ಒಂದು ಹೋತವನ್ನೂ ಒಂದು ಗಡಿಗೆ ಬಾಳೆಹಣ್ಣಿನ ಹೆಂಡವನ್ನೂ ತಂದು ಅಪ್ಪನ ಮುಂದೆ ಮೊಣಕಾಲೂರಿದ. ಸೆಬುಹೋರೊನ ತೋಳಿಗೆ ಬಾಳೆಲೆ ಸುತ್ತಿತ್ತು. ಎಲೆಯಡಿಯಿಂದ ಕೀವು ಒಸರುತ್ತಿತ್ತು. ಅವನು ಹುಲ್ಲಿನ ಕೊಳವೆಯಿಂದ ಹೆಂಡ ಹೀರಿ, ಕೊಳವೆಯನ್ನು ಮಗನ ಕಡೆ ತಿರುಗಿಸಿದ.

"ಚುಕುಡು ತಾನೆ? ಮಾಡಿಕೊಡ್ತೀನಿ," ಎಂದ.

"ಅಷ್ಟೇನಾ?" ಎಂದ ಗಬ್ರಿಯೇಲಿ. "ಒಂದು ಬೈಗುಳನಾದ್ರೂ ಬೈಯ್ಯಪ್ಪ, ಮನಸ್ಸು ಹಗುರಾಗುತ್ತೆ."

"ಬೈಯೋದು ಏನಿದೆ? ಮಗ. ಮಾಡಿಕೊಡ್ತೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಮಾತ್ರ ಸೊಸೆಯ ಕಿವಿಗೆ ಬಾಗಿ, "ಬೆಂಕಿ ಉಗುಳೋ ಗುಡ್ಡ ಹೊಗೆ ಬಿಡ್ತಿದ್ರೆ ನಿದ್ದೆ ಮಾಡಬಹುದು ಕಣೆ," ಎಂದಳು. "ಹೊಗೆ ನಿಂತ ದಿನ ಗಂಟು ಮೂಟೆ ಕಟ್ಟು."

*

ಗಾಲಿಯ ಮರವನ್ನು ಹಸಿಯಾಗಿ ಕೆತ್ತಬಾರದು. ಮುಂಬಾ ಮರದ ದುಂಡು ತುಂಡುಗಳನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ ಎರಡು ವರ್ಷ ಹೊಗೆ ಕುಡಿಸಬೇಕು. ಕೆತ್ತುವವನು ಗಂಡಸು, ಹೊಗೆ ಕುಡಿಸುವವಳು ಹೆಂಗಸು. ಯಾವ ತುಂಡನ್ನು ಎಂದು ಮಗ್ಗುಲು ತಿರುಗಿಸಿದೆ, ಯಾವುದಕ್ಕೆ ಮಳೆಹನಿ ತಾಗಿತು ಎಂಬುದೆಲ್ಲ ವೆನೆರಾಂಡಳಿಗೆ ಮಕ್ಕಳ ಜ್ವರದ ಹಾಗೆ ನೆನಪಿರುತ್ತಿತ್ತು. ಈ ಸಲ ಅಟ್ಟಕ್ಕೆ ಮೂರು ತುಂಡುಗಳನ್ನು ಏರಿಸಿದ್ದಳು. ಈಸ್ಟರಿಗೆ ಮುಂಚೆ, ಅವಳು ಮುದ್ದೆ ತಿರುವುತ್ತಿದ್ದಾಗ, ಅವುಗಳಲ್ಲಿ ಒಂದು ಟಪ್ಪೆಂದು ಎದೆ ಬಿರಿದಿತ್ತು. ಸೆಬುಹೋರೊ ಅದನ್ನು ಇಳಿಸಿ, ತಿರುಗಿಸಿ ನೋಡಿ, "ಸೌದೆ" ಎಂದು ಮೂಲೆಗೆ ಎಸೆದಿದ್ದ. ಸುಡುವುದಕ್ಕೆ ಮನಸ್ಸಾಗದೆ ಅವಳು ಅದನ್ನು ನೀರಿನ ಹಳದಿ ಕ್ಯಾನಿಗೆ ಮಣೆ ಮಾಡಿಕೊಂಡಿದ್ದಳು.

ಮೂರು ವಾರ ಅಂಗಳದಲ್ಲಿ ಬಾಚಿಯ ಸದ್ದು. ಅಪ್ಪ ಕೆತ್ತಿದ, ಮಗ ನೀಲಗಿರಿ ಹಲಗೆ ಹಿಡಿದುಕೊಟ್ಟ. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಉಂಡರು, ಒಬ್ಬರನ್ನೊಬ್ಬರು ನೋಡದೆ. ಒಂದು ದಿನ ಕರೆಕೆಜಿ ಉಪ್ಪು ಕೇಳಿದ, ಸೆಬುಹೋರೊ ಸರಿಸಿದ. ವೆನೆರಾಂಡ ಅವತ್ತು ದೇವರಿಗೆ ಒಂದು ಕೀರ್ತನೆ ಹೆಚ್ಚಿಗೆ ಹೇಳಿದಳು.

ನಾಲ್ಕನೆಯ ವಾರ ಮಗಳು ನ್ಯಾಂಡ್ವಿ ನೀರು ಹೊತ್ತು ತಂದು, ಹಳದಿ ಕ್ಯಾನಿಗೆ ಸುರಿಯಲು ಹೋಗಿ ನಿಂತಳು.

"ಅವ್ವ, ಕ್ಯಾನಿನ ಅಡಿ ಇದ್ದ ದಿಮ್ಮಿ ಎಲ್ಲಿ?"

"ಅಲ್ಲೇ ಇರ್ಬೇಕಲ್ಲೆ."

"ಇಲ್ಲ. ಕ್ಯಾನು ನೆಲದ ಮೇಲಿದೆ."

ವೆನೆರಾಂಡ ತಲೆಯೆತ್ತಿ ಅಟ್ಟ ನೋಡಿದಳು. ಎರಡು ಗಾಲಿಗೆ ಎರಡು ಒಳ್ಳೆಯ ತುಂಡುಗಳೂ ಇಳಿದಿರಬೇಕಿತ್ತು. ಒಂದು ಅಲ್ಲೇ ಇತ್ತು. ಮಸಿ ಹಿಡಿದು, ದುಂಡಗೆ, ಅವಳನ್ನೇ ನೋಡುತ್ತಿತ್ತು.

ಕೈಯೊರೆಸಿಕೊಂಡು ಅಂಗಳಕ್ಕೆ ಹೋದಳು. ಚುಕುಡು ಗೋಡೆಗೆ ಒರಗಿತ್ತು. ಊರಲ್ಲೇ ದೊಡ್ಡದು, ನೋಡಿದವರು ಕಣ್ಣು ಹಾಕುವಂಥದ್ದು. ಮುಂದಿನ ಗಾಲಿಯ ಪಟ್ಟಿ ಬೇಕಿದ್ದಕ್ಕಿಂತ ಅಗಲವಾಗಿ ಎರಡೂ ಮಗ್ಗುಲಿಗೆ ಮಡಿದು ಮೊಳೆ ಹೊಡೆಸಿಕೊಂಡಿತ್ತು. ಪಟ್ಟಿ ಮುಟ್ಟದ ಕಡೆ ಡಾಂಬರು ಬಳಿದು ಇದ್ದಿಲ ಪುಡಿ ತಿಕ್ಕಿತ್ತು. ಅವಳು ಬೆರಳ ಗೆಣ್ಣಿನಿಂದ ಹಿಂದಿನ ಗಾಲಿಯನ್ನು ಬಡಿದಳು. ಕಂಚಿನ ಹಾಗೆ ಉಲಿಯಿತು. ಮುಂದಿನದನ್ನು ಬಡಿದಳು.

"ಇದು ಕೆಮ್ಮುತ್ತೆ," ಎಂದಳು.

ಹಿಂದೆ ನಿಂತಿದ್ದ ಸೆಬುಹೋರೊ, "ನೆಗಡಿ ಇರ್ಬೇಕು," ಎಂದ.

"ಕ್ಯಾನಿನ ದಿಮ್ಮಿ ಎಲ್ಲಿ?"

"ಒಲೆಗೆ ಹಾಕ್ದೆ."

"ನನ್ನ ಒಲೆ ಏನು ತಿಂತು ಅಂತ ನಂಗೆ ಗೊತ್ತಿಲ್ವಾ?"

ಬಾಚಿಯ ಕಾವು ಅವಳ ಬೆನ್ನಿನ ಮೇಲೆ ಬಿತ್ತು, ಒಮ್ಮೆ, ಇನ್ನೊಮ್ಮೆ. ಅವಳು ಚುಕುಡುವನ್ನು ಹಿಡಿದುಕೊಂಡು ನಿಂತಳು. ಅವನು ಅವಳ ಜುಟ್ಟು ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡ. ಹಲ್ಲು ಹೋದ ಜಾಗದಿಂದ ಉಸಿರು ಸಿಳ್ಳೆ ಹಾಕಿತು.

"ಹೋಗಿ ಹೇಳು ಅವನಿಗೆ. ಯಾರು ಬೇಡ ಅಂದ್ರು? ಮಚ್ಚು ತಗೋತಾನೆ. ದೇವರಾಣೆ ಇಟ್ಟಿದಾನಲ್ಲ. ನನ್ನ ಹೆಣಕ್ಕೆ ಚಾಪೆ ಸುತ್ತು, ನಿನ್ನ ಮಗನ್ನ ಜೈಲಿಗೆ ಕಳ್ಸು. ಹೋಗು."

"ಅವನು ನಿನ್ನ ಮಗ ಕಣೋ!"

"ನಾನೇನು ಕೊಲ್ತಿದೀನಾ? ಬ್ರೇಕಿನ ಮೇಲೆ ಕಾಲಿಟ್ಟು ಮೆಲ್ಲಗೆ ಇಳಿದ್ರೆ ಈ ಗಾಲಿ ಹತ್ತು ಸಲ ಹೋಗಿ ಬರುತ್ತೆ. ಕೊಂದ್ರೆ ಅವನ ಜೋರು ಅವನನ್ನ ಕೊಲ್ಲುತ್ತೆ." ತೋಳಿನ ಬಾಳೆಲೆ ಕಿತ್ತು ತೋರಿಸಿದ. ಚರ್ಮ ಹಂದಿಯ ಮಾಂಸದಂತಿತ್ತು. "ಇದನ್ನ ಯಾರು ಮಾಡಿದ್ದು? ಹೇಳು, ಯಾರು ಮಾಡಿದ್ದು?"

*

ವೆನೆರಾಂಡಳ ಮುಂದೆ ಎರಡೇ ದಾರಿ. ಹೇಳಿದರೆ ಮಗ ಅಪ್ಪನನ್ನು ಕಡಿಯುತ್ತಾನೆ. ಹೇಳದಿದ್ದರೆ ಅಪ್ಪನ ಗಾಲಿ ಮಗನನ್ನು ಕೊಲ್ಲುತ್ತದೆ. ಹೊಲದಲ್ಲಿ ಬಟಾಟೆ ಅಗೆಯುತ್ತ, ಬಟ್ಟೆ ಹಿಂಡುತ್ತ ಅವಳು ಇದೊಂದನ್ನೇ ಹಿಂದು ಮುಂದು ಮಾಡಿದಳು.

ಗಬ್ರಿಯೇಲಿಯ ಮನೆಗೆ ಹೋದಳು. ಬಾಯಿ ತೆರೆಯುವ ಮೊದಲೇ ಅವನು, "ನಿಮ್ಮ ಮನೆ ರಾಜಿ ವಿಷಯ ಗೋಮಾದ ಪಾದ್ರಿಗಳವರೆಗೂ ಹೋಗಿದೆ ಕಣಮ್ಮ, ಮುಂದಿನ ಭಾನುವಾರ ಎಲ್ಲರ ಮುಂದೆ ಹೇಳ್ತಾರಂತೆ," ಎಂದು ಮುಖವರಳಿಸಿದ. ಅವಳು ಒಂದು ಕೋಸು ಕೊಟ್ಟು ಎದ್ದು ಬಂದಳು.

ಮಗನ ತಟ್ಟೆಗೆ ಮರಗೆಣಸಿನ ಸೊಪ್ಪು ಬಡಿಸುತ್ತ, "ಶುಕ್ರವಾರ ಕಿಬಾಟಿಗೆ ಇಳಿಯೋವಾಗ ನಾಲ್ಕೇ ಚೀಲ ಹೇರು ಮಗ," ಎಂದಳು.

"ನಾಲ್ಕಾ? ಅವಳ ಅಣ್ಣಂದಿರು ಎಣಿಸ್ತಾರೆ ಅವ್ವ."

"ಮೆಲ್ಲಗಾದ್ರೂ ಹೋಗು."

"ಮೆಲ್ಲಗೆ ಹೋಗೋಕೆ ಚುಕುಡು ಯಾಕೆ? ಬಸವನಹುಳು ಸಾಕು," ಎಂದು ನಕ್ಕ. ನಗುವಾಗ ಅವನು ಹಳೆಯ ಸೆಬುಹೋರೊನ ಹಾಗೆಯೇ ಕಾಣುತ್ತಿದ್ದ. "ನಿಂಗೆ ಗೊತ್ತಿಲ್ಲ ಅವ್ವ. ಕಿಬಾಟಿ ದಾಟಿದ ಮೇಲೆ ಒಂದು ಜಾಗ ಇದೆ. ಅಲ್ಲಿ ಗಾಲಿಯ ಸದ್ದೇ ನಿಂತುಹೋಗುತ್ತೆ. ಹಕ್ಕಿ ಹಾರ್ದಂಗೆ. ಅಲ್ಲಿ ಬ್ರೇಕ್ ಒತ್ತೋನು ಗಂಡಸೇ ಅಲ್ಲ."

ಆ ಜಾಗ ಅವಳಿಗೆ ಗೊತ್ತಿತ್ತು. ಅವಳು ಇನ್ನೊಂದು ಸೌಟು ಬಡಿಸಿದಳು.

ಶುಕ್ರವಾರ ಬೆಳಗ್ಗೆ ಹುಡುಗಿಯ ಇಬ್ಬರು ಅಣ್ಣಂದಿರು ಹೊರೆ ನೋಡಲು ತಾವೇ ಏರಿ ಬಂದರು. ನೆರೆಯವರೂ ಸೇರಿದರು. ಹೇರುವ ಮುಂಚೆ ಊಟ ಎಂದು ವೆನೆರಾಂಡ ಎಲ್ಲರನ್ನೂ ಒಳಗೆ ಕರೆದಳು. ಬಟಾಟೆ, ಕಾಳು, ಕೆರೆಯ ಸಣ್ಣ ಮೀನು ಹುರಿದದ್ದು. ಅಜ್ಜಿ ಹೆಂಡದ ಗಡಿಗೆ ಮುಂದೆ ಎಳೆದಳು. ಎಲ್ಲರ ಕೈ ತಟ್ಟೆಗಿಳಿದದ್ದನ್ನು ನೋಡಿ ವೆನೆರಾಂಡ ಹಿತ್ತಲಿಗೆ ಹೋಗಿ ಸೌದೆಯ ಕೊಡಲಿ ತೆಗೆದುಕೊಂಡಳು.

ಮೊದಲ ಏಟಿಗೆ ಚುಕುಡುವಿನ ಮುಂದಿನ ಗಾಲಿಯ ರಬ್ಬರು ಕೊಡಲಿಯನ್ನು ಹಿಂದಕ್ಕೆ ಎಸೆಯಿತು. ಎರಡನೆಯದು ಅಂಚಿಗೆ ತಾಗಿತು. ಮೂರನೆಯದಕ್ಕೆ ಗಾಲಿ ನಡುವೆ ಬಾಯಿಬಿಟ್ಟಿತು. ಎದೆಯಿಂದ ಅಂಚಿನವರೆಗೆ ಓಡಿದ ಹಳೇ ಬಿರುಕು, ಒಳಗೆಲ್ಲ ಡಾಂಬರು. ಇದನ್ನು ಯಾರೂ ನೋಡಬಾರದು. ಅವಳು ಬಿರುಕಿನ ಮೇಲೆಯೇ ಮತ್ತೆ ಮತ್ತೆ ಹೊಡೆದಳು. ಗಾಲಿ ಹೋಳಾಯಿತು, ಹೋಳು ಚೂರಾಯಿತು. ಮುಂದಿನ ಕವಲನ್ನೂ ಕಡಿದಳು. ಒಳಗೆ ಉಣ್ಣುತ್ತಿದ್ದವರಿಗೆ ಅದು ಸೌದೆ ಒಡೆಯುವ ಸದ್ದು. ಚೂರುಗಳನ್ನು ಮಡಿಲಿಗೆ ತುಂಬಿಕೊಂಡು ಓಡಿ ಒಲೆಗೆ ಸುರಿದಳು. ಎರಡು ವರ್ಷ ಹೊಗೆ ಕುಡಿದ ಮರ ಧಗ್ಗನೆ ಹತ್ತಿಕೊಂಡಿತು. ರಬ್ಬರಿನ ಕಪ್ಪು ಹೊಗೆ ಮನೆಯನ್ನು ತುಂಬಿತು.

ಕೆಮ್ಮುತ್ತ ಹೊರಗೋಡಿದವರು ಗೋಡೆಯ ಬುಡದಲ್ಲಿ ಚುಕುಡುವನ್ನು ನೋಡಿದರು. ಮೂಗು ಕೊಯ್ದ ಪ್ರಾಣಿಯ ಹಾಗೆ ಬಿದ್ದಿತ್ತು.

"ಯಾರು?" ಎಂದ ಕರೆಕೆಜಿ.

"ನಾನು," ಎಂದಳು ವೆನೆರಾಂಡ. ಕೈಯಲ್ಲಿ ಕೊಡಲಿ ಇನ್ನೂ ಇತ್ತು. ಅದನ್ನು ಹಿತ್ತಲ ಬೇಲಿಯಾಚೆ, ಯಾರ ಕೈಗೂ ಸಿಗದಷ್ಟು ದೂರ ಎಸೆದಳು.

"ಯಾಕೆ?"

"ನಂಗೆ ಬೇಕಾಗಿರಲಿಲ್ಲ."

"ಯಾಕೇ?"

"ಆ ಹುಡುಗಿ ಬಂದ್ಮೇಲೆ ನನ್ನ ಯಾರು ಕೇಳ್ತಾರೆ? ದುಡಿದಿದ್ದೆಲ್ಲ ಅವಳಿಗೆ ಹೋಗುತ್ತೆ. ನಂಗೆ ಹೊಟ್ಟೆಕಿಚ್ಚು. ಸಾಕಾ?"

ಚುಕುಡುವಿನ ಹಿಡಿ ಮುರಿದು ಕರೆಕೆಜಿಯ ಕೈಗೆ ಬಂತು. ಮೊದಲ ಏಟನ್ನು ಅವಳು ಬಲಗೈಯಿಂದ ತಡೆದಳು. ಮಣಿಕಟ್ಟಿನೊಳಗೆ ಒಣಕಡ್ಡಿ ಮುರಿದಂತೆ ಲಟಕ್ಕೆಂದಿತು. ಆಮೇಲೆ ಭುಜ, ಸೊಂಟ. ಬಿದ್ದ ಮೇಲೆ ಕಾಲು. ನ್ಯಾಂಡ್ವಿ ಅಣ್ಣನ ತೊಡೆಗೆ ಹಲ್ಲು ಊರಿ ನೇತುಬಿದ್ದಳು. ಅವನು ಅವಳನ್ನು ಕೊಡವಿ ಎಸೆದು ಮತ್ತೆ ಬಂದ. ನಾಲ್ಕು ಜನ ಸೇರಿ ಅವನನ್ನು ಕೆಡವಿದರು. ಹುಡುಗಿಯ ದೊಡ್ಡಣ್ಣ ಬಾಯಿ ಒರೆಸಿಕೊಂಡು, "ಹುಚ್ಚಿ ಇರೋ ಮನೆಗೆ ನಮ್ಮ ಹುಡುಗಿ ಬರಲ್ಲ," ಎಂದ. ಇಬ್ಬರೂ ಇಳಿಜಾರು ಹಿಡಿದು ನಡೆದರು.

"ಸೆಬುಹೋರೊ!" ಎಂದು ಯಾರೋ ಕೂಗಿದರು. "ಏನ್ ನೋಡ್ತಾ ನಿಂತಿದೀಯ? ಇವಳಿಗೆ ಬುದ್ಧಿ ಕಲ್ಸು!"

ಸೆಬುಹೋರೊ ಬಾಚಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ನೆಲದ ಮೇಲಿದ್ದ ಹೆಂಡತಿಯನ್ನು ನೋಡಿದ. ಒಲೆಯ ಕಡೆ ನೋಡಿದ. ಒಂದು ಹೋಳು ಪೂರ್ತಿ ಉರಿಯದೆ ಹೊರಗೆ ಚಾಚಿತ್ತು. ಅದರ ಬಿರುಕಿನಲ್ಲಿ ಡಾಂಬರು ಗುಳ್ಳೆಗುಳ್ಳೆಯಾಗಿ ಕುದಿಯುತ್ತಿತ್ತು. ಬಾಚಿ ಕೆಳಗಿಟ್ಟು, ಕುಂಟುತ್ತ ಹೋಗಿ, ಬರಿಗೈಯಿಂದ ಅದನ್ನು ಬೆಂಕಿಯೊಳಗೆ ತಳ್ಳಿದ. ಬೂದಿಯಾಗುವವರೆಗೂ ಅಲ್ಲೇ ಕೂತ.

*

ಮೂಳೆ ಕಟ್ಟುವ ಮುದುಕ ಬಿದಿರಿನ ದಬ್ಬೆ ಕಟ್ಟಿ, "ಇನ್ನು ಈ ಕೈ ಮುದ್ದೆ ತಿರುವಲ್ಲ," ಎಂದು ಹೇಳಿಹೋದ. ಊರಿನಲ್ಲಿ ವೆನೆರಾಂಡಳಿಗೆ ಕೊಡಲಿಯವ್ವ ಎಂದು ಹೆಸರಾಯಿತು. ಪಾದ್ರಿಗಳು ಆ ರಾಜಿಯ ಮಾತನ್ನು ಎತ್ತಲೇ ಇಲ್ಲ. ಕರೆಕೆಜಿ ಅಂಗಳದ ಕೊಟ್ಟಿಗೆಯಲ್ಲಿ ಮಲಗತೊಡಗಿದ; ಅವ್ವ ಮುಟ್ಟಿದ ತಟ್ಟೆಯನ್ನು ಹಾಗೆಯೇ ನಾಯಿಯ ಮುಂದೆ ಇಟ್ಟ. ಒಳಗೆ ಅಜ್ಜಿ ಸೊಸೆಯ ಹಾಸಿಗೆಯ ಪಕ್ಕ ಕೂತು ಗಂಜಿ ತಿನ್ನಿಸುತ್ತಿದ್ದಳು. ಒಂದು ದಿನ ತಿನ್ನಿಸುತ್ತ ತಿನ್ನಿಸುತ್ತ ಹೇಳಿದಳು:

"ನಂಗೆ ಕಿವಿ ಮಂದ ಕಣೆ, ಕಣ್ಣಲ್ಲ. ಕ್ಯಾನು ನೆಲದ ಮೇಲಿತ್ತು, ನಾನೂ ನೋಡ್ದೆ."

ವೆನೆರಾಂಡ ಚಮಚವನ್ನು ಎಡಗೈಯಿಂದ ತಡೆದಳು. "ಅತ್ತೆ."

"ಏನೂ ನೋಡಿಲ್ಲ ಬಿಡು. ಬಾಯಿ ತೆಗಿ. ಅವನನ್ನ ಹೆತ್ತದ್ದು ನಾನು, ಹೊರೋದು ನೀನು."

ಕೈ ಮುರಿದ ಐದನೆಯ ವಾರ ಅಟ್ಟದ ಮೇಲೆ ಏನೋ ಸರಿದ ಸದ್ದಾಯಿತು. ಸೆಬುಹೋರೊ ಉಳಿದಿದ್ದ ತುಂಡನ್ನು ಇಳಿಸುತ್ತಿದ್ದ. ಹನ್ನೊಂದು ದಿನ ಬಾಚಿ, ಉಳಿ; ಚುಕುಡುವಿಗೆ ಹೊಸ ಕವಲು, ಹೊಸ ಹಿಡಿ. ಹನ್ನೆರಡನೆಯ ದಿನ ಅವನು ಬರೀ ಗಾಲಿಯನ್ನು ತಂದ. ಪಟ್ಟಿಯಿಲ್ಲ, ಮೊಳೆಯಿಲ್ಲ, ಬಳಿದದ್ದೇನೂ ಇಲ್ಲ. ಅದನ್ನು ಹೆಂಡತಿಯ ಮಡಿಲಲ್ಲಿಟ್ಟು ದೂರ ಕೂತ.

ವೆನೆರಾಂಡ ಎಡಗೈಯ ಬೆರಳುಗಳನ್ನು ಅಂಚಿನ ಸುತ್ತ ಆಡಿಸಿದಳು. ಮಗ್ಗುಲು ತಿರುಗಿಸಿ ಬೆಳಕಿಗೆ ಹಿಡಿದಳು. ಉಗುರಿನಿಂದ ಕೆರೆದು ನೋಡಿದಳು. ಕೊನೆಗೆ ಗೆಣ್ಣಿನಿಂದ ಬಡಿದಳು, ಅಲ್ಲಿ, ಇಲ್ಲಿ, ಎದೆಯಲ್ಲಿ. ಪ್ರತಿ ಸಲವೂ ಅದು ಉಲಿಯಿತು. ಸೆಬುಹೋರೊ ನೆಲ ನೋಡುತ್ತಿದ್ದ.

"ಪಟ್ಟಿ ಹೊಡಿ," ಎಂದಳು.

ಅವನು ಎದ್ದು ಗಾಲಿ ತೆಗೆದುಕೊಂಡ. ಹೊಸಿಲ ಬಳಿ ನಿಂತು ಏನೋ ಹೇಳಲು ಬಾಯಿ ತೆರೆದ. ಬರೀ ಸಿಳ್ಳೆ ಬಂತು.

ಮುಂದಿನ ಶುಕ್ರವಾರ ಕರೆಕೆಜಿ ಎಂಟು ಚೀಲ ಹೇರಿಕೊಂಡು ಇಳಿದ. ಕಿಬಾಟಿಯ ಹುಡುಗಿಗೆ ಅಷ್ಟರಲ್ಲಿ ಬೇರೆ ಕಡೆ ಮಾತಾಗಿತ್ತು. ಅವಳ ಮನೆ ಮುಂದೆ ಅವನು ಕಲ್ಲೆಸೆದಂತೆ ಹಾದುಹೋದನೆಂದು ಆಮೇಲೆ ಕೇಳಿದ್ದು. ವೆನೆರಾಂಡ ಬೇಲಿಯ ಹತ್ತಿರ ನಿಂತಿದ್ದಳು. ಅವನು ಮೊಣಕಾಲೂರಿ ನೆಲವನ್ನೊದ್ದ. ಒಂದು ಸಲವೂ ತಿರುಗಲಿಲ್ಲ. ಬ್ರೇಕಿನ ಮೇಲೆ ಕಾಲಿಡಲಿಲ್ಲ. ಕರಿ ರಸ್ತೆ ಅವನನ್ನು ನುಂಗಿತು.

ಅವಳು ದಿನವಿಡೀ ಎಡಗೈಯಲ್ಲೇ ಕಾಳು ಆರಿಸಿ, ಎಡಗೈಯಲ್ಲೇ ಸೌಟು ತಿರುವಿದಳು. ಸಂಜೆ ಹೊತ್ತಿಗೆ ಏರಿನ ಕಡೆಯಿಂದ ಮರದ ಅಚ್ಚಿನ ಕೀರಲು ಕೇಳಿಸಿತು. ಬಾಗಿಲ ಹಿಂದೆ ಸರಿದು ನಿಂತಳು. ಕರೆಕೆಜಿ ಚುಕುಡುವನ್ನು ತಳ್ಳಿಕೊಂಡು ಬಂದು ಗೋಡೆಗೆ ಒರಗಿಸಿದ. ಕಾಲಿನ ಹೆಬ್ಬೆರಳು ಒಡೆದು ರಕ್ತ ಸುರಿಯುತ್ತಿತ್ತು. ಅಂಗಳದಲ್ಲೇ ಕುಸಿದು ಕೂತ. ನ್ಯಾಂಡ್ವಿ ತಟ್ಟೆ ತಂದು ಮುಂದಿಟ್ಟಳು.

"ಅವಳು ಮಾಡಿದ್ದಾ?"

"ಇಲ್ಲ. ನಾನು," ಎಂದಳು ನ್ಯಾಂಡ್ವಿ, ಹೇಳಿಕೊಟ್ಟಂತೆ.

ಅವನು ಒಂದು ತುತ್ತು ತಿಂದ. ಇನ್ನೊಂದು ತಿಂದ. ಬಾಗಿಲ ಹಿಂದೆ ವೆನೆರಾಂಡ ಅಗಿಯುವ ಸದ್ದನ್ನು ಕೇಳುತ್ತ ನಿಂತಿದ್ದಳು.

"ಅಂತೂ ಅಡುಗೆ ಕಲ್ತೆ ಕಣೆ," ಎಂದ ಕರೆಕೆಜಿ. "ಉಪ್ಪು ಸರಿಯಾಗಿದೆ. ಇನ್ನೊಂದು ಸೌಟು ಹಾಕು."